ನಡತೆಯ ಸಾಕ್ಷಿ

ಎರಡು ಸಾವಿರದ ಇಪ್ಪತ್ತರ ಏಪ್ರಿಲ್. ಲಾಸ್ ಏಂಜಲೀಸ್ ಬಾಗಿಲು ಹಾಕಿಕೊಂಡು ಕೂತಿತ್ತು. ವುಡ್‌ಲ್ಯಾಂಡ್ ಹಿಲ್ಸ್‌ನ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ನಾನು ಅಂಗಡಿಯಿಂದ ತಂದ ಬೆಂಡೆಕಾಯಿಗಳನ್ನು ಒಂದೊಂದಾಗಿ ಸ್ಯಾನಿಟೈಸರ್ ಹಚ್ಚಿ ಒರೆಸುತ್ತಿದ್ದೆ. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಕೈಯಲ್ಲಿದ್ದಾಗ ಪಕ್ಕದ ಬಾಲ್ಕನಿಯಿಂದ ಮೈಸೂರು ಕನ್ನಡದಲ್ಲಿ ಒಂದು ಹೆಣ್ಣುದನಿ ಬಂತು.

“ಅದರ ಬದಲು ಒಂದು ಕಟ್ಟು ಘಾಟು ಸೊಪ್ಪು ತಂದು ಎದುರಿಗಿಟ್ಕೊಳ್ಳಿ. ಇಂಗ್ಲೆಂಡಿನ ಜಡ್ಜುಗಳು ಅದನ್ನೇ ಮಾಡ್ತಿದ್ರು.”

ನೋಡಿದರೆ, ಅರವತ್ತು ದಾಟಿದ ಹೆಂಗಸು. ಬೂದುಬಣ್ಣದ ದುಪಟ್ಟಾ ತಲೆಯ ಮೇಲೆ. ಕನ್ನಡಕ ಕೈಯಲ್ಲಿ. ಅವರು ಪಕ್ಕದ ಮನೆಗೆ ಬಂದು ಆರು ತಿಂಗಳಾಗಿದ್ದರೂ ನಾವು ಪರಸ್ಪರ ಮುಖ ನೋಡಿರಲಿಲ್ಲ. ಅವರು ಬೆಳಗಾಗುತ್ತಲೇ ಬರ್ಬ್ಯಾಂಕಿಗೆ ಕೆಲಸಕ್ಕೆ ಹೋಗಿಬಿಡುತ್ತಿದ್ದರಂತೆ.

“ನಾವು ಕನ್ನಡದವ್ರು ಅಂತ ಹೆಂಗ ಗೊತ್ತಾತ್ರಿ?” ಎಂದೆ.

“ಗೋಡೆ ತೆಳು. ನೀವು ಗಂಡ ಹೆಂಡತಿ ಜಗಳ ಆಡೋದು ಆರು ತಿಂಗಳಿಂದ ಕೇಳ್ತಿದ್ದೀನಿ. ಧಾರವಾಡದ ಕಡೆಯವರು ಅಂತ್ಲೂ ಗೊತ್ತು, ಒಲೆ ಆರಿಸಿದೀನೋ ಇಲ್ವೋ ಅಂತ ನೀವು ದಿನಾ ನಾಲ್ಕು ಸಲ ಕೇಳ್ತೀರಿ ಅಂತ್ಲೂ ಗೊತ್ತು.”

ಹೀಗೆ ಪರಿಚಯವಾಯಿತು. ಜಡ್ಜುಗಳ ಸೊಪ್ಪಿನ ಕಥೆಯನ್ನು ಅವತ್ತೇ ಹೇಳಿದರು. ಹಿಂದಿನ ಕಾಲದ ಇಂಗ್ಲೆಂಡಿನಲ್ಲಿ ಜೈಲಿನಿಂದ ವಿಚಾರಣೆಗೆ ಕರೆತಂದ ಕೈದಿಗಳ ಜೊತೆಗೆ ಜೈಲಿನ ಜ್ವರವೂ ಕೋರ್ಟಿಗೆ ಬರುತ್ತಿತ್ತು. ಶಿಕ್ಷೆ ಕೊಡುವವನೇ ಕೆಲವು ಸಲ ಕೈದಿಗಿಂತ ಮೊದಲು ಸಾಯುತ್ತಿದ್ದ. ಕೆಟ್ಟ ವಾಸನೆಯಿಂದ ಜ್ವರ ಹರಡುತ್ತದೆಂದು ನಂಬಿ ಬೆಂಚಿನ ಮೇಲೆಲ್ಲ ವಾಸನೆಯ ಸೊಪ್ಪು ಹರಡಿಕೊಂಡು ಕೂರುತ್ತಿದ್ದರು.

“ಹೇನಿನಿಂದ ಬರೋ ಜ್ವರ ಅದು. ಸೊಪ್ಪಿಗೆ ಹೆದರುತ್ತಾ? ಆದ್ರೆ ಜಡ್ಜಿಗೆ ಒಂದು ನೆಮ್ಮದಿ. ನಿಮ್ಮ ಬೆಂಡೆಕಾಯಿ ಥರ.”

ನಾನು ಉಳಿದ ಬೆಂಡೆಕಾಯಿಗಳನ್ನು ಒರೆಸದೆ ಒಳಗೆ ಹೋದೆ. ಆಮೇಲೆ ಅಡುಗೆಮನೆಯಲ್ಲಿ, ಅವರಿಗೆ ಕಾಣದ ಹಾಗೆ, ಒರೆಸಿದೆ.

ಅವರು ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದವರು. ಗಂಡನ ಕೆಲಸದ ಜೊತೆ ಇಲ್ಲಿಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಒಬ್ಬಳೇ ಮಗಳು. ಬರ್ಬ್ಯಾಂಕಿನಲ್ಲಿ ಸಿನಿಮಾ ಮತ್ತು ಟೀವಿಯವರಿಗೆ ಹಳೆಯ ಕಾಲದ ಸಂಗತಿಗಳನ್ನು ಹುಡುಕಿಕೊಡುವ ಒಂದು ಚಿಕ್ಕ ವಿಭಾಗವಿತ್ತು. ಅಲ್ಲಿ ಇವರ ಪಾಲಿಗೆ ಬಂದದ್ದು ಇಂಗ್ಲೆಂಡಿನ ಅಪರಾಧ, ಕೋರ್ಟು, ಜೈಲು. ಹಾಗೆ ಬರಲು ಕಾರಣವೇನೆಂದು ಕೇಳಿದ್ದೆ. “ಉಳಿದವರೆಲ್ಲ ರಾಜರನ್ನ, ಗೌನುಗಳನ್ನ ಹಂಚ್ಕೊಂಡಿದ್ರು. ಜೈಲು ಮಿಕ್ಕಿತ್ತು,” ಎಂದರು.

ಸೆಟ್ಟು ಹಾಕುವವರು ಫೋನು ಮಾಡಿ ಕೇಳುವ ಪ್ರಶ್ನೆಗಳನ್ನು ಬಾಲ್ಕನಿಯಲ್ಲಿ ನಮಗೆ ಹೇಳುತ್ತಿದ್ದರು. ಕೈದಿ ಬೀದಿಯ ಕಡೆಗಿನ ಕಿಟಕಿಯಿಂದ ಏನು ನೋಡುತ್ತಿದ್ದ? “ನೋಡ್ತಿರಲಿಲ್ಲ, ಕೈ ಚಾಚ್ತಿದ್ದ. ಹೋಗಿ ಬರೋರ ಹತ್ರ ಭಿಕ್ಷೆ ಕೇಳೋಕೆ ಅಂತಲೇ ಆ ಸರಳು.” ಜೈಲರನಿಗೆ ಸಂಬಳ ಎಷ್ಟು? “ಹೆಚ್ಚಿನ ಕಡೆ ಅವನಿಗೆ ಸಂಬಳ ಕೊಡೋವ್ನೇ ಕೈದಿ. ಒಳಗೆ ಬರೋಕೆ ಕೊಡಬೇಕು, ಕಾಲಿನ ಬೇಡಿ ಹಗುರ ಮಾಡಿಸ್ಕೊಳ್ಳೋಕೆ ಕೊಡಬೇಕು. ಬೀರು ಬೇಕಾದ್ರೆ ಅವನ ಅಂಗಡೀಲೇ ಕುಡೀಬೇಕು. ತಪ್ಪಿಲ್ಲ ಅಂತ ಕೋರ್ಟು ಬಿಟ್ಟ ಮೇಲೂ ಹೊರಗೆ ಹೋಗೋಕೆ ಫೀಸು.”

“ತಪ್ಪ ಇಲ್ಲ ಅಂದಮ್ಯಾಲೂ?”

“ನಿಮ್ಮ ಅಪಾರ್ಟ್‌ಮೆಂಟ್ ಡಿಪಾಸಿಟ್ ವಾಪಸ್ ಬರುತ್ತೆ ಅಂತ ನಂಬಿದೀರಲ್ಲ, ಹಾಗೆ.”

ಒಂದು ಸಂಗತಿ ಖಾತ್ರಿಯಿದ್ದರೆ ಕನ್ನಡಕ ತೆಗೆದು ಹೇಳುತ್ತಿದ್ದರು. ಖಾತ್ರಿಯಿಲ್ಲದಿದ್ದರೆ ಕನ್ನಡಕ ಹಾಕಿಕೊಂಡು “ನೋಡಬೇಕು” ಎನ್ನುತ್ತಿದ್ದರು. ನನ್ನ ಹೆಂಡತಿ ಇದನ್ನು ಎರಡೇ ದಿನದಲ್ಲಿ ಕಂಡುಹಿಡಿದಳು. “ಆಂಟಿ ಕಣ್ಣಡಕ ತಗದ್ರು ಅಂದ್ರ ಖರೇ ಐತಿ ಅಂತ,” ಎಂದಳು. ಒಂದು ಸೀರಿಯಲ್ಲಿಗೆ ಕೈದಿಗಳ ಬಟ್ಟಲು ಮರದ್ದು ಎಂದು ಇವರು ಬರೆದುಕೊಟ್ಟರು. ಡೈರೆಕ್ಟರನಿಗೆ ಠಣ್ ಎನ್ನುವ ಸದ್ದು ಬೇಕಿತ್ತು, ತಗಡಿನದ್ದು ಇಟ್ಟ. ಆ ಭಾಗ ಟೀವಿಯಲ್ಲಿ ಬಂದಾಗ ಗೋಡೆಯಾಚೆಯಿಂದ “ನಾನು ಬರೆದು ಕೊಟ್ಟಿದ್ದೆ!” ಎಂಬ ಕೂಗು ಕೇಳಿಸಿತು. ಮರುದಿನ ಬೆಳಗ್ಗೆ ಶಾಂತರಾಗಿದ್ದರು. “ಫೈಲಲ್ಲಿ ಮರದ್ದು ಅಂತಲೇ ಇದೆ. ಅಷ್ಟು ಸಾಕು.”

ಆ ವರ್ಷ ನಮ್ಮ ಮುಖಗವಸು ನೋಡಿ ಅವರಿಗೆ ಇನ್ನೊಂದು ನೆನಪಾಗುತ್ತಿತ್ತು. ನಂತರದ ಕಾಲದಲ್ಲಿ ಇಂಗ್ಲೆಂಡಿನವರು ಜೈಲನ್ನು ಸುಧಾರಿಸಲು ಹೊರಟರು. ಕೈದಿಗಳು ಒಬ್ಬರಿಂದೊಬ್ಬರು ಕೆಡುತ್ತಾರೆಂದು ಒಬ್ಬೊಬ್ಬನನ್ನೇ ಒಂದೊಂದು ಕೋಣೆಯಲ್ಲಿಟ್ಟರು. ಹೊರಗೆ ಬಂದಾಗ ಮುಖ ಮುಚ್ಚುವ ಟೊಪ್ಪಿಗೆ, ಕಣ್ಣಿಗೆ ಮಾತ್ರ ತೂತು. ಪ್ರಾರ್ಥನೆಗೂ ಒಬ್ಬೊಬ್ಬನಿಗೆ ಬೇರೆ ಬೇರೆ ಗೂಡು. ಗೂಡಿನಿಂದ ಎದುರಿನ ಪಾದ್ರಿ ಕಾಣಬೇಕು, ಪಕ್ಕದವನು ಕಾಣಬಾರದು.

“ಆಮ್ಯಾಲೆ ಸುಧಾರಿಸಿದ್ರೇನ್ರಿ?”

“ಕೆಲವರಿಗೆ ತಲೆ ಕೆಟ್ಟಿತು. ಆದ್ರೆ ಹಾಡೋವಾಗ, ಪದಗಳ ಮಧ್ಯೆ ಪಕ್ಕದವನಿಗೆ ಸುದ್ದಿ ಹೇಳ್ತಿದ್ರಂತೆ. ಮನುಷ್ಯರು ಬಿಡ್ತಾರಾ?”

ಇನ್ನೊಮ್ಮೆ ಒಂದು ಪೆಟ್ಟಿಗೆಯ ಮಾತು ಬಂತು. ಪೆಟ್ಟಿಗೆಗೊಂದು ಹಿಡಿಕೆ. ಕೈದಿ ಅದನ್ನು ದಿನಕ್ಕೆ ಸಾವಿರಾರು ಸುತ್ತು ತಿರುಗಿಸಬೇಕು. ಎಷ್ಟು ಸುತ್ತಾಯಿತೆಂದು ಮುಳ್ಳು ತೋರಿಸುತ್ತದೆ. ಬೇಕೆನಿಸಿದಾಗ ಕಾವಲುಗಾರ ಸ್ಕ್ರೂ ಬಿಗಿಮಾಡಿ ಭಾರ ಹೆಚ್ಚಿಸಬಹುದು. ಅದರಿಂದ ಏನು ತಯಾರಾಗುತ್ತಿತ್ತು ಎಂದು ಕೇಳಿದೆ.

“ಏನೂ ಇಲ್ಲ. ಒಳಗೆ ಬರೀ ಮರಳು.”

ನಾನು ಚಿಪ್ ಕಂಪನಿಯೊಂದರಲ್ಲಿ, ಬೇರೆಯವರು ವಿನ್ಯಾಸ ಮಾಡಿದ್ದನ್ನು ಸಾವಿರಾರು ಸಲ ಓಡಿಸಿ ತಪ್ಪಿಲ್ಲವೆಂದು ಸಾಬೀತುಮಾಡುವ ಕೆಲಸದವನು. ಆ ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತಾಗ ಬಲಗೈ ಸ್ವಲ್ಪ ನೋಯುತ್ತಿತ್ತು.

ಅವರ ತಂದೆ ಮೈಸೂರಿನ ಕೋರ್ಟಿನ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಇವರು ತಂದೆಯ ಪಕ್ಕದ ಸ್ಟೂಲಿನಲ್ಲಿ ಕೂತು ಕಾರ್ಬನ್ ಹಾಳೆ ಜೋಡಿಸುತ್ತಿದ್ದರಂತೆ. ಬಂದವರು ಅತ್ತು ಕರೆದು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಆತ ಮೂರೇ ಸಾಲು ಟೈಪು ಮಾಡುತ್ತಿದ್ದರು. “ಬಡವ, ಪ್ರಾಮಾಣಿಕ, ಸಂಭಾವಿತ ಅಂತೆಲ್ಲ ಬರೀಬೇಡ. ಅದನ್ನ ಸಾಹೇಬರು ಹೇಳಲಿ. ನೀನು ಏನಾಯ್ತು ಅಂತ ಬರಿ” ಎಂಬುದು ಅಬ್ಬಾಜಾನ್ ಅವರ ಸೂತ್ರ. ಈ ಮಾತು ಹೇಳುವಾಗ ಕನ್ನಡಕ ತೆಗೆದಿದ್ದರು.

ನಾವಲ್ಲಿದ್ದ ಐದು ವರ್ಷವೂ ಅಪಾರ್ಟ್‌ಮೆಂಟಿನಲ್ಲಿ ರಿಪೇರಿ ಕೆಲಸಕ್ಕಿದ್ದವನು ರೂಬೆನ್. ಅಲ್ಲೇ ಹತ್ತಿರದಲ್ಲಿ ಹುಟ್ಟಿ ಬೆಳೆದವನು, ನಲವತ್ತೈದರ ಆಸುಪಾಸು. ಎಲ್ಲರ ಮನೆಯ ಬೀಗದ ಕೈಗಳ ದೊಡ್ಡ ಗೊಂಚಲು ಸೊಂಟದಲ್ಲಿ. ಸಿಂಕು ಕಟ್ಟಿದರೆ, ಹೀಟರು ಕೆಟ್ಟರೆ ಅವನೇ. ಪಕ್ಕದ ಮನೆಯ ಮೇಡಂಗೆ, ನಾನು ಅವರನ್ನು ಹಾಗೇ ಕರೆಯುತ್ತಿದ್ದೆ, ಅವನೆಂದರೆ ವಿಶೇಷ ಆಸಕ್ತಿ, ಯಾಕೆಂದರೆ ಅವನಿಗೆ ಬೀಗಗಳ ಬಗ್ಗೆ ಗೊತ್ತಿತ್ತು. ಹಳೆಯ ಇಂಗ್ಲಿಷ್ ಬೇಡಿಯ ಚಿತ್ರ ತೋರಿಸಿ, ಇದನ್ನು ಹೇಗೆ ಮುಚ್ಚುತ್ತಿದ್ದರು ಎಂದು ಕೇಳುತ್ತಿದ್ದರು. ಅವನು ಚಿತ್ರ ತಿರುಗಿಸಿ ತಿರುಗಿಸಿ ನೋಡಿ, “ಕೀಲಿ ಇಲ್ಲ ಮ್ಯಾಮ್, ಮೊಳೆ ಬಡಿದಿದ್ದಾರೆ. ತೆಗೆಯೋಕೆ ಕಮ್ಮಾರ ಬೇಕು” ಎಂದಿದ್ದ. ಅದನ್ನು ಇವರು ಕಾರ್ಡಿನಲ್ಲಿ ಬರೆದುಕೊಂಡರು. ಮೂಲ: ರೂಬೆನ್.

ಇಪ್ಪತ್ತೊಂದರ ಕೊನೆಗೆ ನನಗೆ ಸ್ಯಾನ್ ಡಿಯೇಗೊದಲ್ಲಿ, ಸೊರೆಂಟೊ ವ್ಯಾಲಿಯ ಆಫೀಸಿಗೆ ವರ್ಗವಾಯಿತು. ಹೊಸ ಊರಿಗೆ ಹೋದ ಮೇಲೆ ಅಮೆರಿಕದ ಪೌರತ್ವಕ್ಕೆ ಅಪ್ಲೈ ಮಾಡಿದೆ. ಇಂಟರ್‌ವ್ಯೂಗೆ ಓದುವುದಿತ್ತು. ಕೇಳಬಹುದಾದ ಪ್ರಶ್ನೆಗಳನ್ನು ಉರು ಹೊಡೆಯುತ್ತಿದ್ದೆ. ಅವರು ಭಾನುವಾರಗಳಂದು ಫೋನು ಮಾಡಿ ಪರೀಕ್ಷೆ ತೆಗೆದುಕೊಳ್ಳುತ್ತಿದ್ದರು.

“ಕೊನೆಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿಸ್ತಾರೆ. ಓದಿದ್ರೆ ಆಯ್ತು,” ಎಂದರು. “ಇಂಗ್ಲೆಂಡಿನಲ್ಲೂ ಹಾಗೇ ಇತ್ತು. ಎಷ್ಟೋ ಅಪರಾಧಗಳಿಗೆ, ಧರ್ಮಗ್ರಂಥದ ಒಂದು ಸಾಲು ಓದಿಬಿಟ್ರೆ ನೇಣಿಲ್ಲ. ಪಾದ್ರಿಗಳಿಗೆ ಅಂತ ಮಾಡಿದ್ದ ರಿಯಾಯ್ತಿ, ಓದೋಕೆ ಬರೋ ಎಲ್ಲರಿಗೂ ಸಿಕ್ತು. ಹೆಚ್ಚಾಗಿ ಅದೇ ಒಂದು ಸಾಲು ಓದಿಸ್ತಿದ್ರು. ಓದೋಕೆ ಬಾರದ ಕಳ್ಳರು ಬಾಯಿಪಾಠ ಮಾಡ್ತಿದ್ರು.”

“ಪುಸ್ತಕ ತಿರುವ್ಯಾಮುರುವ್ಯಾ ಹಿಡದಿದ್ರ?”

“ಅದಕ್ಕೇ ನಿಮ್ಮಂಥೋರು ಕಳ್ಳರಾಗೋಲ್ಲ. ಅಲ್ಲಿಗೆ ಹೋಗೋ ಮುಂಚೆಯೇ ಇದನ್ನೆಲ್ಲ ಯೋಚಿಸಿ ಸತ್ತುಹೋಗಿರ್ತೀರಿ.”

ಆ ಫಾರ್ಮಿನಲ್ಲಿ ನನ್ನ ನಿದ್ದೆ ಕೆಡಿಸಿದ್ದು ಪ್ರಶ್ನೆಗಳಲ್ಲ, ಎರಡು ಪದ: ಒಳ್ಳೆಯ ನಡತೆ. ಅರ್ಜಿದಾರ ಒಳ್ಳೆಯ ನಡತೆಯವನಾಗಿರಬೇಕು. ಹುಬ್ಬಳ್ಳಿಯಲ್ಲಿ ಕಾಲೇಜಿನಲ್ಲಿದ್ದಾಗ ಟಿಕೆಟ್ಟಿಲ್ಲದೆ ಹತ್ತಿದ್ದ ಬಸ್ಸು ನೆನಪಾಯಿತು. ಪಾರ್ಕಿಂಗ್ ಟಿಕೆಟ್‌ಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟೆ. ಹೆಂಡತಿ ಆ ಫೈಲಿಗೆ “ಪಾಪದ ಕೊಡ” ಎಂದು ಹೆಸರಿಟ್ಟಳು.

ಅಂಥದೊಂದು ಭಾನುವಾರ ಮೇಡಂ ಪ್ರಶ್ನೆ ಕೇಳಲಿಲ್ಲ. “ರೂಬೆನ್ ಕದ್ದುಬಿಟ್ಟ,” ಎಂದರು.

ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಒಬ್ಬ ಬಾಡಿಗೆದಾರ ಬಹಳ ದಿನ ಊರಿನಲ್ಲಿರಲಿಲ್ಲ. ಅವನ ಗ್ಯಾರೇಜಿನ ಬೀಗ ತೆಗೆದು ರೂಬೆನ್ ಎರಡು ದುಬಾರಿ ಸೈಕಲ್ಲು, ಒಂದಷ್ಟು ಸಾಮಾನು ತೆಗೆದುಕೊಂಡು ಮಾರಿದ್ದ. ಸಿಕ್ಕಿಬಿದ್ದ. ಒಪ್ಪಿಕೊಂಡ. ಹಿಂದೆ ಯಾವ ಕೇಸೂ ಇರಲಿಲ್ಲ. ಇನ್ನು ಶಿಕ್ಷೆ ಎಷ್ಟು ಎಂಬುದಷ್ಟೇ ಬಾಕಿ. ಅದು ವ್ಯಾನ್ ನೈಸ್‌ನ ಕೋರ್ಟಿನಲ್ಲಿ ಮೂರು ವಾರಕ್ಕೆ. ಅವನನ್ನು ಬಲ್ಲವರು ಜಡ್ಜಿಗೆ ಪತ್ರ ಬರೆದರೆ, ಜೈಲಿನ ಬದಲು ಹೊರಗೇ ನಿಗಾದಲ್ಲಿಡಬಹುದೆಂದು, ಇಲ್ಲವೇ ಜೈಲು ಕಡಿಮೆಯಾಗಬಹುದೆಂದು ಅವನ ವಕೀಲೆ ಹೇಳಿದ್ದರಂತೆ.

“ಹಳೇ ಇಂಗ್ಲೆಂಡಿನ ಕೇಸುಗಳನ್ನ ಓದಿದ್ರೆ ಗೊತ್ತಾಗುತ್ತೆ,” ಎಂದರು. “ಕೈದಿ ಪರವಾಗಿ ವಾದ ಮಾಡೋಕೆ ಬಹಳ ಕಾಲ ಲಾಯರೇ ಇರಲಿಲ್ಲ. ಆದ್ರೆ ಯಾರಾದ್ರೂ ಎದ್ದು ನಿಂತು, ‘ಇವನನ್ನ ಏಳು ವರ್ಷದಿಂದ ಬಲ್ಲೆ, ನಮ್ಮ ಮನೇಲಿ ಕೆಲಸ ಮಾಡಿದ್ದಾನೆ, ಕೆಟ್ಟದ್ದು ಕಂಡಿಲ್ಲ’ ಅಂದ್ರೆ ಎಷ್ಟೋ ಸಲ ತಲೆ ಉಳೀತಿತ್ತು. ಊರಿಗೆ ಹೊಸಬರಾಗಿ ಬಂದೋರಿಗೆ ಯಾರೂ ಎದ್ದು ನಿಲ್ತಿರಲಿಲ್ಲ. ಅದೇ ಕಳ್ಳತನ, ಬೇರೆ ಶಿಕ್ಷೆ. ಓದೋವಾಗೆಲ್ಲ ಕೋಪ ಬರುತ್ತೆ. ಸಾಕ್ಷಿ ಹೇಳೋಕೆ ಬಂದೋರು ನಾಲ್ಕು ಜನ ಇರ್ತಾರೆ, ಅವರ ಹೆಸರು ಮುನ್ನೂರು ವರ್ಷ ಆದ್ರೂ ಫೈಲಲ್ಲಿ ಇರುತ್ತೆ. ಬರದೇ ಇದ್ದೋರು ಯಾರು ಅಂತ ಗೊತ್ತೇ ಆಗೋಲ್ಲ.”

“ಆದ್ರ ಮೇಡಂ, ಅಂವ ಕದ್ದಾನಲ್ರಿ.”

“ಕದ್ದಿದ್ದಾನೆ. ಕದ್ದಿಲ್ಲ ಅಂತ ಬರೀರಿ ಅಂದೆನಾ? ನಿಮ್ಮ ಮನೇಲಿ ಅವನು ಏನು ಮಾಡಿದ ಅಂತ ಬರೀರಿ.”

ಬರೆದೆ. ಇಡೀ ಶನಿವಾರ ಬರೆದೆ. ಫೋನಿನಲ್ಲಿ ಓದಿ ಹೇಳಿದೆ. ಮೊದಲ ವಾಕ್ಯದಲ್ಲೇ ತಡೆದರು.

“ಏನದು, ‘ಪ್ರಾಮಾಣಿಕ ಮತ್ತು ಶ್ರಮಜೀವಿ’? ಕಳ್ಳತನದ ಕೇಸು ಇದು! ಜಡ್ಜು ನಗ್ತಾರೆ. ತೆಗೀರಿ.”

ತೆಗೆದೆ. ಮುಂದಿನದು ಓದಿದೆ: ನಾನು ಆತನನ್ನು ಅಷ್ಟು ಹತ್ತಿರದಿಂದ ಬಲ್ಲೆನೆಂದು ಹೇಳಲಾರೆನಾದರೂ, ನನಗೆ ತಿಳಿದಮಟ್ಟಿಗೆ, ಸಾಮಾನ್ಯವಾಗಿ...

“ಅಯ್ಯೋ, ನಿಮ್ಮನ್ನ ಸಾಕ್ಷಿಗೆ ಕರೆದ್ರೆ ತಪ್ಪೇ ಮಾಡದೋರನ್ನೂ ನೇಣಿಗೆ ಹಾಕ್ತಾರೆ ಕಣ್ರೀ! ಏನಾಯ್ತು ಅಂತ ಬರೀರಿ. ಸಿಂಕು ಕಟ್ಟಿತ್ತು, ಬಂದ, ತೆಗೆದ. ಇನ್ನೇನು ಮಾಡಿದ?”

ಇನ್ನೇನು ಮಾಡಿದ್ದನೆಂದು ನನಗೆ ಗೊತ್ತಿತ್ತು. ಅದನ್ನು ಬರೆಯಲು ನಾಚಿಕೆ. “ನೆನಪು ಮಾಡ್ಕೋತೀನ್ರಿ,” ಎಂದೆ.

ಕೊನೆಗೆ ಹತ್ತು ಸಾಲಿನ ಪತ್ರ ಸಿದ್ಧವಾಯಿತು. ಪ್ರಿಂಟು ತೆಗೆದೆ. ಸಹಿ ಹಾಕಲು ಪೆನ್ನು ಹಿಡಿದವನಿಗೆ ಆ ಎರಡು ಪದ ನೆನಪಾದವು. ಒಳ್ಳೆಯ ನಡತೆ. ನನ್ನ ನಡತೆಯನ್ನು ಸರ್ಕಾರ ತೂಗುತ್ತಿರುವ ಹೊತ್ತಿನಲ್ಲಿ, ತಪ್ಪೊಪ್ಪಿಕೊಂಡ ಕಳ್ಳನ ಕೇಸಿನ ಫೈಲಿನಲ್ಲಿ ನನ್ನ ಹೆಸರು, ವಿಳಾಸ, ಸಹಿ. ಕಂಪ್ಯೂಟರ್ ಕಂಪ್ಯೂಟರ್ ಜೊತೆ ಮಾತಾಡುವುದಿಲ್ಲವೇ? ಜೀವನವಿಡೀ ಅದನ್ನೇ ಪರೀಕ್ಷೆ ಮಾಡಿದವನು ನಾನು. ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರನ್ನು ಕೇಳಿದೆ. ಅವರು ಲಾಯರಲ್ಲ, ನನ್ನ ಹಾಗೆಯೇ ಇಂಜಿನಿಯರು. ಆದರೆ ಪೌರತ್ವ ಸಿಕ್ಕಿ ವರ್ಷವಾಗಿತ್ತು, ಹಾಗಾಗಿ ತಜ್ಞರು. “ಇಂಟರ್‌ವ್ಯೂ ಆಗೋವರೆಗೂ ಯಾವುದಕ್ಕೂ ಸೈನ್ ಮಾಡಬೇಡಿ. ಅಪಾರ್ಟ್‌ಮೆಂಟ್‌ನಲ್ಲಿ ಪಿಟಿಷನ್ ಬಂದ್ರೂ ಮಾಡಬೇಡಿ,” ಎಂದರು. ನಮ್ಮ ಕಡೆಯವರೆಲ್ಲ ಹೀಗೇ ಒಬ್ಬರನ್ನೊಬ್ಬರು ಹೆದರಿಸಿಕೊಂಡು ಸುರಕ್ಷಿತವಾಗಿರುತ್ತೇವೆ.

ಹೆಂಡತಿ, “ನಿಮಗ ಆಗಂಗಿಲ್ಲಂದ್ರ ನಾ ಬರೀತೀನಿ, ಕೊಡ್ರಿ ಇಲ್ಲಿ,” ಎಂದಳು. ಅವಳ ಅರ್ಜಿಯೂ ಅದೇ ವಿಳಾಸದಿಂದ ಹೋಗಿತ್ತು. ಬೇಡವೆಂದು ಕೈ ಮುಗಿದೆ. ಅಕ್ಷರಶಃ ಮುಗಿದೆ. “ಹಿಂಗ ಹೆದರಿಕೋತ ಸಿಟಿಜನ್ ಆಗಿ ಏನ್ ಮಾಡಾವ್ರದೀರಿ?” ಎಂದು ಕೇಳಿ ಪೆನ್ನು ಮೇಜಿನ ಮೇಲಿಟ್ಟು ಹೋದಳು.

ಪತ್ರ ಕೊಡಬೇಕಾದ ಸೋಮವಾರ ಮೇಡಂಗೆ ಮೆಸೇಜು ಕಳಿಸಿದೆ. ಇಂಟರ್‌ವ್ಯೂ ಇದೆ, ಅದಾಗುವವರೆಗೆ ಕಷ್ಟ, ಕ್ಷಮಿಸಿ, ಎಂದು ಏಳು ಸಾಲು. “ಆಯ್ತು” ಎಂದು ಉತ್ತರ ಬಂತು. ಅಷ್ಟೇ.

ಒಂಬತ್ತು ಜನ ಬರೆದರು. ಮೇಡಂ ಪತ್ರ ಬರೆದದ್ದಲ್ಲದೆ ಕೋರ್ಟಿಗೂ ಹೋಗಿ ಮಾತಾಡಿದರು. ನಾಲ್ಕು ತಿಂಗಳು ಕೌಂಟಿ ಜೈಲು, ಆಮೇಲೆ ಪ್ರೊಬೇಷನ್ ಎಂದಾಯಿತು. ಇದನ್ನು ಅವರು ಒಂದೇ ವಾಕ್ಯದಲ್ಲಿ ತಿಳಿಸಿ, “ಸರಿ, ಈಗ ಹೇಳಿ, ಸೆನೆಟರುಗಳು ಎಷ್ಟು ಜನ?” ಎಂದು ನನ್ನ ಪರೀಕ್ಷೆ ಮುಂದುವರಿಸಿದರು.

ನಾನೇ ತಡೆಯಲಾರದೆ ಕೇಳಿದೆ. “ಮೇಡಂ, ನಾನೂ ಪತ್ರ ಬರದ್ ಕೊಟ್ಟಿದ್ರ ಶಿಕ್ಷಾ ಕಮ್ಮಿ ಆಗ್ತಿತ್ತೇನ್ರಿ?”

ಅದು ವಿಡಿಯೋ ಕಾಲ್. ಅವರು ಕನ್ನಡಕ ಹಾಕಿಕೊಂಡರು. “ಗೊತ್ತಿಲ್ಲ,” ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಹದಿನೈದು ದಿನಕ್ಕೊಮ್ಮೆ ಅವರು ಜೈಲಿಗೆ ಹೋಗಿ ರೂಬೆನ್‌ನನ್ನು ನೋಡಿ ಬರುತ್ತಿದ್ದರು. ಬಂದು, ಅಲ್ಲಿ ಚಮಚ ಯಾವುದರದ್ದು, ಬೆಳಗಿನ ಊಟ ಎಷ್ಟು ಗಂಟೆಗೆ, ಪಕ್ಕದವನ ಜೊತೆ ಮಾತಾಡಲು ಬಿಡುತ್ತಾರೋ ಎಂಬುದನ್ನೆಲ್ಲ ಕಾರ್ಡಿನಲ್ಲಿ ಬರೆದು ನನಗೂ ಓದಿ ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ. ಅವನು ನನ್ನ ಬಗ್ಗೆ ಏನಾದರೂ ಕೇಳಿದನೇ ಎಂದು ಕೇಳುವ ಧೈರ್ಯ ಬರಲಿಲ್ಲ.

ನನ್ನ ಇಂಟರ್‌ವ್ಯೂ ಬೇಗ ಮುಗಿಯಿತು. ಅಧಿಕಾರಿ ಐದಾರು ಪ್ರಶ್ನೆ ಕೇಳಿದರು, ಒಂದು ವಾಕ್ಯ ಓದಿಸಿದರು, ಒಂದು ಬರೆಸಿದರು. ಪಾಪದ ಕೊಡವನ್ನು ಬ್ಯಾಗಿನಿಂದ ತೆಗೆಯಲೂ ಬಿಡಲಿಲ್ಲ. ನನ್ನ ನಡತೆಯ ಬಗ್ಗೆ ನನಗಿದ್ದಷ್ಟು ಕುತೂಹಲ ಅಮೆರಿಕ ಸರ್ಕಾರಕ್ಕೆ ಇರಲಿಲ್ಲ.

ಆಮೇಲೆಯೂ ಮೂರು ವರ್ಷ ಮೇಡಂ ಅವರ ಭಾನುವಾರದ ಫೋನು ತಪ್ಪಲಿಲ್ಲ. ಕೆಲಸ ಬಿಟ್ಟ ಮೇಲೂ ಹಳೆಯ ಕೋರ್ಟಿನ ದಾಖಲೆಗಳನ್ನು ಓದುತ್ತಲೇ ಇದ್ದರು. ಮೊಲದ ಬಲೆ ಕದ್ದು ಸಮುದ್ರದಾಚೆ ಸಾಗಹಾಕಿಸಿಕೊಂಡವನು, ಬಸುರಿಯೆಂದು ಹೇಳಿ ನೇಣು ಮುಂದೂಡಿಸಿಕೊಂಡವಳು, ಇಂಥವರ ಸುದ್ದಿಯನ್ನು ಪಕ್ಕದ ಬೀದಿಯವರ ಸುದ್ದಿಯ ಹಾಗೆ ಹೇಳುತ್ತಿದ್ದರು. “ಆಮೇಲೆ ಏನಾದಳು?” ಎಂದರೆ, “ಅದೇ ಸಿಗ್ತಾ ಇಲ್ಲ!” ಎಂದು ನಿಜವಾಗಿ ಸಂಕಟಪಡುತ್ತಿದ್ದರು. ಕಳೆದ ಚಳಿಗಾಲದಲ್ಲಿ ಎರಡು ಭಾನುವಾರ ಫೋನು ಬರಲಿಲ್ಲ. ಮೂರನೆಯ ವಾರ ಅವರ ಮಗಳು ಫೋನು ಮಾಡಿದಳು. ಹೃದಯ ನಿಂತಿತ್ತು. ನಾಳೆ ಮಧ್ಯಾಹ್ನ ಮಣ್ಣು.

ಸ್ಯಾನ್ ಡಿಯೇಗೊದಿಂದ ಹೊರಟು ಫೈವ್ ಹೆದ್ದಾರಿ ಹಿಡಿದು ಮೂರು ಗಂಟೆ ಡ್ರೈವ್ ಮಾಡಿದೆವು. ಖಬರಸ್ತಾನದಲ್ಲಿ ನಾನು ಎಲ್ಲಿ ನಿಲ್ಲಬೇಕು, ಟೊಪ್ಪಿಗೆ ಬೇಕೇ, ತಪ್ಪು ಕಾಲು ಮೊದಲಿಟ್ಟರೆ ಹೇಗೆ ಎಂದೆಲ್ಲ ಯೋಚಿಸಿ ಕರ್ಚೀಫು ತಲೆಗೆ ಕಟ್ಟಿಕೊಂಡಿದ್ದೆ. ಯಾರೂ ಏನೂ ಅನ್ನಲಿಲ್ಲ. ಮಗಳ ಗಂಡ ಕೈ ಹಿಡಿದು ಮುಂದೆ ಕರೆದುಕೊಂಡು ಹೋದ. ಮೂರು ಹಿಡಿ ಮಣ್ಣು ಹಾಕಿದೆ. ನನ್ನ ಪಕ್ಕದಲ್ಲಿ ಹಾಕಿದ ಕೈ ಯಾರದ್ದೆಂದು ನೋಡಿದರೆ ರೂಬೆನ್.

ಪಾರ್ಕಿಂಗ್‌ನಲ್ಲಿ ಅವನೇ ಹತ್ತಿರ ಬಂದ. ತೆಳ್ಳಗಾಗಿದ್ದ. ಈಗ ಗ್ಲೆಂಡೇಲ್‌ನಲ್ಲಿ ಒಬ್ಬ ಪ್ಲಂಬರ್ ಜೊತೆ ಕೆಲಸವಂತೆ. ನನ್ನ ಹೆಂಡತಿಯ ಕ್ಷೇಮ ಕೇಳಿದ. ಆಮೇಲೆ ಒಂದೊಂದೇ ಮಾತು ಜೋಡಿಸಿಕೊಂಡು ಹೇಳಿದ.

“ಸರ್, ನಿಮಗೆ ಥ್ಯಾಂಕ್ಸ್ ಹೇಳೋಕೆ ಆಗಿರಲಿಲ್ಲ. ನಿಮ್ಮ ಪತ್ರಕ್ಕೆ.”

ನಾನು ತಲೆಯ ಕರ್ಚೀಫಿನ ಗಂಟು ಬಿಚ್ಚತೊಡಗಿದೆ.

“ಮ್ಯಾಮ್ ಹೇಳಿದ್ರು. ನೀವು ಸ್ಯಾನ್ ಡಿಯೇಗೊದಿಂದ ನೇರ ಜಡ್ಜಿಗೇ ಕಳಿಸಿದ್ರಂತೆ. ಅದಕ್ಕೇ ನನ್ನ ಲಾಯರ್ ಕೊಟ್ಟ ಕಾಪಿಗಳಲ್ಲಿ ಅದಿರಲಿಲ್ಲ.”

ಮೇಡಂ ಸುಳ್ಳು ಹೇಳಿದ್ದರು. ಬಟ್ಟಲು ಮರದ್ದೋ ತಗಡಿನದ್ದೋ ಎಂಬುದಕ್ಕೆ ವಾರಗಟ್ಟಲೆ ಪುಸ್ತಕ ತಡಕಾಡುತ್ತಿದ್ದವರು. ಯಾರಿಗಾಗಿ ಹೇಳಿದರು? ಒಳಗಿದ್ದವನಿಗೆ ಒಬ್ಬ ಹೆಚ್ಚಿಗೆ ಇರಲಿ ಎಂದೇ? ಅಥವಾ ನನ್ನ ಪರವಾಗಿ ಒಬ್ಬರಾದರೂ ಎದ್ದು ನಿಲ್ಲಲಿ ಎಂದೇ? ಈಗ ನಿಜ ಹೇಳಿದರೆ, ಮಣ್ಣು ಹಾಕಿ ಅರ್ಧ ಗಂಟೆಯಾಗಿಲ್ಲ, ಅವರನ್ನು ಸುಳ್ಳುಗಾರ್ತಿ ಮಾಡಿದಂತಾಗುತ್ತದೆ. ಹೇಳದಿದ್ದರೆ ಕದ್ದ ಥ್ಯಾಂಕ್ಸ್ ಜೇಬಿಗೆ ಹಾಕಿಕೊಂಡ ಹಾಗೆ. ಇಂಥ ತೊಡಕುಗಳನ್ನು ನಾನು ಮೊದಲೇ ಊಹಿಸಿ ಚಿಂತಿಸಿಟ್ಟಿರುತ್ತೇನೆ. ಇದೊಂದು ತಪ್ಪಿಹೋಗಿತ್ತು.

“ಒಂದು ಕೇಳಲಾ ಸರ್?” ಎಂದ ರೂಬೆನ್. “ಉಳಿದ ಒಂಬತ್ತೂ ನನಗೆ ಬಾಯಿಗೆ ಬರುತ್ತೆ. ಒಳಗಿದ್ದಾಗ ಅದೇ ಓದ್ತಿದ್ದೆ. ನಿಮ್ಮದೊಂದೇ ನೋಡಿಲ್ಲ. ಅದರಲ್ಲಿ ಏನು ಬರೆದಿದ್ರಿ?”

ಹೆಂಡತಿ ನನ್ನ ಮುಖ ನೋಡಿದಳು. ಕಾರಿನ ಕೀಲಿ ನನ್ನ ಕೈಯಲ್ಲಿತ್ತು. ಹೊರಡಬಹುದಿತ್ತು.

“ನಾನು ಇವನನ್ನು ಐದು ವರ್ಷದಿಂದ ಬಲ್ಲೆ,” ಎಂದು ಶುರುಮಾಡಿದೆ. “ನಾನು ಹೆದರುವ ಮನುಷ್ಯ. ಅಡುಗೆಮನೆಯಲ್ಲಿ ಗ್ಯಾಸ್ ಸೋರುತ್ತಿದೆ ಎಂದು ನನಗೆ ಆಗಾಗ ಅನಿಸುತ್ತದೆ. ನನ್ನ ಹೆಂಡತಿಗೆ ವಾಸನೆ ಬರುವುದಿಲ್ಲ, ಬೇರೆ ಯಾರಿಗೂ ಬರುವುದಿಲ್ಲ. ಹಾಗನಿಸಿದಾಗಲೆಲ್ಲ ಈ ರೂಬೆನ್‌ನನ್ನು ಕರೆದಿದ್ದೇನೆ. ಪ್ರತಿ ಸಲವೂ ಬಂದಿದ್ದಾನೆ. ಸೋಪಿನ ನೀರು ತಂದು ಪೈಪಿನ ಒಂದೊಂದು ಕೂಡಿಕೆಗೂ ಹಚ್ಚಿ, ನನ್ನನ್ನು ಪಕ್ಕದಲ್ಲಿ ಮೊಣಕಾಲೂರಿ ಕೂರಿಸಿ, ಗುಳ್ಳೆ ಏಳುತ್ತಿಲ್ಲವೆಂದು ನಾನೇ ಕಣ್ಣಾರೆ ನೋಡುವವರೆಗೂ ಕಾದಿದ್ದಾನೆ. ಒಮ್ಮೆಯೂ ನಕ್ಕಿಲ್ಲ. ಒಮ್ಮೆಯೂ ಸೋರುತ್ತಿರಲಿಲ್ಲ. ನಮ್ಮ ಮನೆಯ ಕೀಲಿ ಐದು ವರ್ಷ ಇವನ ಸೊಂಟದಲ್ಲಿತ್ತು, ನಮ್ಮದೇನೂ ಕಳೆದಿಲ್ಲ. ಮುಂದಿನ ಸಲವೂ ಕರೆಯಿರಿ ಎಂದು ಹೇಳಿ ಹೋಗುತ್ತಿದ್ದ. ಹೀಗೆ ಒಟ್ಟು ಹನ್ನೊಂದು ಸಲ...”

“ಹನ್ನೆರಡು,” ಎಂದ ರೂಬೆನ್. ಅವನು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. “ಒಂದು ಸಲ ಕ್ರಿಸ್‌ಮಸ್ ದಿನ.”

ಹನ್ನೆರಡು ಎಂದು ತಿದ್ದಿಕೊಂಡು, ಮುಂದಿನದನ್ನು ಹೇಳಿದೆ.